ಬ್ರಿಟಿಷ್ ದೂರದರ್ಶನ ನಾಟಕಗಳಲ್ಲಿ ಸಲಿಂಗಪ್ರೇಮಿಯ ಪಾತ್ರ (1959–1989)

ಸಮಾಜವೊಂದು ತನ್ನ ಕಥೆಗಳಲ್ಲಿ ಯಾರಿಗೆ ಎಡೆಗೊಡುತ್ತದೆಂಬುದು ಒಂದು ಪ್ರಶ್ನೆ. ಎಡೆಗೊಟ್ಟವರನ್ನು ಕಥೆಯ ಕೊನೆಯವರೆಗೆ ಬದುಕಗೊಡುತ್ತದೆಯೆ ಎಂಬುದು ಮತ್ತೊಂದು. ಬ್ರಿಟನ್ನಿನ ದೂರದರ್ಶನ ನಾಟಕಗಳಲ್ಲಿ ಸಲಿಂಗಪ್ರೇಮಿ ಪುರುಷನ ಪಾತ್ರವು ಮೂವತ್ತು ವರ್ಷಗಳಲ್ಲಿ ತಳೆದ ರೂಪಗಳನ್ನು ಈ ಎರಡನೆಯ ಪ್ರಶ್ನೆಯ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಅವಧಿಯ ಆರಂಭದಲ್ಲಿ ಪುರುಷರ ನಡುವಣ ದೈಹಿಕ ಸಂಬಂಧವು ಆ ದೇಶದಲ್ಲಿ ದಂಡಾರ್ಹ ಅಪರಾಧವಾಗಿದ್ದಿತು. ವಯಸ್ಕರು ಪರಸ್ಪರ ಸಮ್ಮತಿಯಿಂದ ಏಕಾಂತದಲ್ಲಿ ನಡೆದುಕೊಳ್ಳುವುದನ್ನು ಅಪರಾಧವೆಂದು ಎಣಿಸಬಾರದೆಂದು ವೂಲ್ಫೆಂಡನ್ ಸಮಿತಿಯು 1957ರಲ್ಲಿ ಶಿಫಾರಸು ಮಾಡಿತು. ಅದು ಶಾಸನವಾಗಲು ಹತ್ತು ವರ್ಷ ಹಿಡಿಯಿತು. 1967ರ ಆ ಕಾಯಿದೆಯಾದರೂ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಿಗೆ ಮಾತ್ರ, ಅದೂ ಇಪ್ಪತ್ತೊಂದು ವರ್ಷ ತುಂಬಿದವರಿಗೆ ಮಾತ್ರ, ಅನ್ವಯಿಸಿತು.

ವರದಿಗೂ ಶಾಸನಕ್ಕೂ ನಡುವಣ ದಶಕದ ಎರಡು ನಾಟಕಗಳು ಗಮನಾರ್ಹವಾಗಿವೆ. ಗ್ರಾನಡಾ ಸಂಸ್ಥೆಯು 1959ರ ನವೆಂಬರಿನಲ್ಲಿ ಪ್ರಸಾರಮಾಡಿದ ‘ಸೌತ್’, ಜೂಲಿಯನ್ ಗ್ರೀನರ ಫ್ರೆಂಚ್ ನಾಟಕದ ರೂಪಾಂತರ. ಆ ಕಾಲದ ಅನೇಕ ಪ್ರಸಾರಗಳ ಮುದ್ರಿಕೆಗಳು ನಷ್ಟವಾಗಿರುವುದರಿಂದ ಇದನ್ನು ಮೊದಲನೆಯದೆನ್ನುವುದಕ್ಕಿಂತ, ಉಳಿದುಬಂದವುಗಳಲ್ಲಿ ಅತಿ ಹಿಂದಿನವುಗಳಲ್ಲೊಂದು ಎನ್ನುವುದು ಯುಕ್ತ. ಅಮೆರಿಕದ ಅಂತರ್ಯುದ್ಧವು ಇನ್ನೇನು ತೊಡಗಲಿರುವ ಸಮಯದ ಈ ಕಥೆಯಲ್ಲಿ ಪೀಟರ್ ವಿನ್‌ಗಾರ್ಡ್ ಅಭಿನಯಿಸಿದ ಪೋಲಿಷ್ ಸೇನಾಧಿಕಾರಿಯು ತರುಣನೊಬ್ಬನಲ್ಲಿ ಅನುರಕ್ತನಾಗುತ್ತಾನೆ. ಅದನ್ನು ಬಾಯಿಬಿಟ್ಟು ನುಡಿಯಲಾರದೆ, ಅವನನ್ನೇ ದ್ವಂದ್ವಯುದ್ಧಕ್ಕೆ ಕರೆದು ಅವನ ಕೈಯಿಂದಲೇ ಸಾಯುತ್ತಾನೆ. 1965ರಲ್ಲಿ ಬಿ.ಬಿ.ಸಿ. ಪ್ರಸಾರಮಾಡಿದ ಜಾನ್ ಹಾಪ್ಕಿನ್ಸರ ‘ಹಾರರ್ ಆಫ್ ಡಾರ್ಕ್‌ನೆಸ್’ನಲ್ಲಿ ರಾಬಿನ್ ತನ್ನ ಪ್ರೇಮವನ್ನು ಸ್ನೇಹಿತನಿಗೆ ತಿಳಿಸುತ್ತಾನೆ, ಬಳಿಕ ಆತ್ಮಹತ್ಯೆ ಮಾಡಿಕೊಳ್ಳುತ್ತಾನೆ. ಒಬ್ಬನು ನುಡಿಯಲಾರದೆ ಸತ್ತನು, ಇನ್ನೊಬ್ಬನು ನುಡಿದು ಸತ್ತನು. ನಾಟಕಕಾರರ ಅನುಕಂಪವು ನಿಜವಾದುದೇ. ಆದರೆ ಪ್ರೇಕ್ಷಕರ ಅನುಕಂಪವನ್ನು ಪಡೆಯಲು ಪಾತ್ರವು ಪ್ರಾಣವನ್ನೇ ತೆರಬೇಕಾಗಿದ್ದಿತು.

ಈ ಪದ್ಧತಿಯನ್ನು ಮುರಿದುದು 1975ರಲ್ಲಿ ಥೇಮ್ಸ್ ಸಂಸ್ಥೆಯು ಪ್ರಸಾರಮಾಡಿದ ‘ದಿ ನೇಕೆಡ್ ಸಿವಿಲ್ ಸರ್ವೆಂಟ್’. ಇದು ಕ್ವೆಂಟಿನ್ ಕ್ರಿಸ್ಪರ ಆತ್ಮಕಥೆಯನ್ನು ಆಧರಿಸಿದುದು. ಜಾನ್ ಹರ್ಟ್ ಮುಖ್ಯ ಪಾತ್ರಧಾರಿ. ಆರಂಭದಲ್ಲಿ ಕ್ರಿಸ್ಪರೇ ಪ್ರೇಕ್ಷಕರ ಮುಂದೆ ಬಂದು ಮಾತನಾಡಿದರು. ಬೀದಿಯ ಹೊಡೆತ, ನ್ಯಾಯಾಲಯದ ಅವಮಾನ ಇವೆಲ್ಲವನ್ನೂ ದಾಟಿ ಬದುಕಿದ ವ್ಯಕ್ತಿಯನ್ನು ಕಂಡ ಮೇಲೆ, ಮರಣವೇ ಅಂಥವರ ವಿಧಿಯೆಂಬ ಕಲ್ಪನೆ ನಿಲ್ಲುವಂತಿರಲಿಲ್ಲ.

ಆದರೂ ಕ್ರಿಸ್ಪರು ಅಸಾಧಾರಣ ವ್ಯಕ್ತಿ. ಸಾಧಾರಣ ಸಲಿಂಗಪ್ರೇಮಿಗೆ ಎಡೆ ದೊರೆತುದು ಧಾರಾವಾಹಿಯಲ್ಲಿ. ಬಿಡಿ ನಾಟಕವು ಒಂದೇ ರಾತ್ರಿಯಲ್ಲಿ ಮುಗಿಯಬೇಕಾದುದರಿಂದ ಅದಕ್ಕೆ ಮರಣವು ಅನುಕೂಲವಾದ ಅಂತ್ಯ. ಧಾರಾವಾಹಿಯ ಪಾತ್ರವಾದರೋ ಮುಂದಿನ ವಾರವೂ ಅಂಗಡಿಗೆ ಹೋಗಬೇಕು, ನೆರೆಯವರೊಡನೆ ಮಾತನಾಡಬೇಕು. ಬಿ.ಬಿ.ಸಿ.ಯ ‘ಈಸ್ಟ್‌ಎಂಡರ್ಸ್’ಗೆ 1986ರಲ್ಲಿ ಬಂದ ಕಾಲಿನ್ (ಮೈಕೇಲ್ ಕ್ಯಾಶ್‌ಮನ್ ಅಭಿನಯಿಸಿದ ಪಾತ್ರ) ಅಂಥವನು. ಅವನ ಪ್ರಿಯ ಬ್ಯಾರಿಗೆ ಇಪ್ಪತ್ತೊಂದು ತುಂಬಿರಲಿಲ್ಲ. ಆದಕಾರಣ ಅವರ ಸಂಸಾರದ ಮೇಲೆ ಕಾನೂನಿನ ಭೀತಿ ಕವಿದಿದ್ದಿತು. 1967ರ ಕಾಯಿದೆಯು ಎಲ್ಲಿಗೆ ನಿಂತಿತೆಂಬುದನ್ನು ಲಕ್ಷಾಂತರ ಮನೆಗಳು ಹೀಗೆ ಕಂಡವು.

ಈ ಮುನ್ನಡೆ ನಿರಾತಂಕವಾದುದಲ್ಲ. ಸ್ಥಳೀಯ ಆಡಳಿತ ಸಂಸ್ಥೆಗಳು ಸಲಿಂಗಕಾಮವನ್ನು ಪ್ರೋತ್ಸಾಹಿಸಕೂಡದೆಂಬ 28ನೆಯ ವಿಧಿಯು 1988ರಲ್ಲಿ ಜಾರಿಗೆ ಬಂದಿತು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಅದು ರದ್ದಾದುದು 2003ರಲ್ಲಿ. 1989ರಲ್ಲಿ ಕಾಲಿನ್ ತನ್ನ ಗೆಳೆಯ ಗೀಡೋನನ್ನು ಚುಂಬಿಸಿದ ಕ್ಷಣಮಾತ್ರದ ದೃಶ್ಯಕ್ಕೆ ಪ್ರಬಲವಾದ ಪ್ರತಿಭಟನೆ ಎದ್ದಿತು. ಸಲಿಂಗಪ್ರೇಮಿಯ ಸಾವನ್ನು ತೆರೆಯ ಮೇಲೆ ಮೊದಲೇ ಕಂಡಿದ್ದ ಸಮಾಜಕ್ಕೆ ಅವನ ಸಾಮಾನ್ಯ ಸುಖವನ್ನು ನೋಡುವುದು ಕಷ್ಟವಾಯಿತೆಂಬುದು ಇದರಿಂದ ವಿದಿತವಾಗುತ್ತದೆ. ಈ ಇತಿಹಾಸವನ್ನು ಬರೆಯುವವರು ಎಷ್ಟು ಪಾತ್ರಗಳು ಬಂದವೆಂದು ಎಣಿಸಿದರೆ ಸಾಲದು. ಅವುಗಳಲ್ಲಿ ಎಷ್ಟು ಬದುಕುಳಿದವು, ಹೇಗೆ ಬದುಕಿದವು ಎಂಬುದನ್ನೂ ವಿಚಾರಿಸಬೇಕು.