ಕಾಮಣಿ, ನೆಲನೆಲ್ಲಿ ಮತ್ತು ಇಳಕಲ್ಲಿನ ಜೋಳಿಗೆ

ನಮ್ಮ ಬಾಗಲಕೋಟೆ, ಬಾದಾಮಿ, ಹುನಗುಂದ ಕಡೆ ಯಾರದಾದರೂ ಕಣ್ಣು ಹಳದಿಯಾಯಿತೆಂದರೆ ಮೊದಲು ಬರುವ ಮಾತು: ‘ಕಾಮಣಿ ಆಗೇತಿ, ಔಷಧಿ ಹಾಕಿಸ್ಕೊಂಡು ಬರ್ರಿ.’ ದವಾಖಾನೆ ಆಮೇಲೆ. ಆ ಔಷಧಿ ಬಹಳ ಸಲ ನೆಲನೆಲ್ಲಿ. ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ತಾನಾಗಿ ಏಳುವ ಗೇಣುದ್ದದ ಗಿಡ. ಎಲೆಯ ಅಡಿಯಲ್ಲಿ ಸಾಲಾಗಿ ಪುಟ್ಟ ಕಾಯಿ. ಅರೆದು, ಹಾಲು ಇಲ್ಲವೇ ಮಜ್ಜಿಗೆಯಲ್ಲಿ ಕದಡಿ, ಬರಿಹೊಟ್ಟೆಗೆ ಕುಡಿಸುತ್ತಾರೆ. ಎಣ್ಣೆ, ಖಾರ ಬಂದ್. ಆಯುರ್ವೇದದಲ್ಲಿ ಇದರ ಹೆಸರು ಭೂಮ್ಯಾಮಲಕಿ.

ಈ ಗಿಡದ ಕಡೆ ಒಮ್ಮೆ ಜಗತ್ತೇ ತಿರುಗಿ ನೋಡಿತ್ತು. ಹೆಪಟೈಟಿಸ್ ಬಿ ವೈರಾಣು ಪತ್ತೆಮಾಡಿ 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲೂಂಬರ್ಗ್ ಮತ್ತು ಮದ್ರಾಸಿನ ತ್ಯಾಗರಾಜನ್ ಅವರ ತಂಡ 1988ರಲ್ಲಿ ‘ಲ್ಯಾನ್ಸೆಟ್’ನಲ್ಲಿ ವರದಿ ಪ್ರಕಟಿಸಿತು. 30 ದಿನ ನೆಲನೆಲ್ಲಿ ಪುಡಿ ತೆಗೆದುಕೊಂಡ 37 ಜನರಲ್ಲಿ 22 ಮಂದಿಯ ರಕ್ತದಲ್ಲಿ ವೈರಾಣುವಿನ ಗುರುತು ಉಳಿದಿರಲಿಲ್ಲ. ಆಮೇಲೆ ಬೇರೆ ದೇಶಗಳಲ್ಲಿ ಪರೀಕ್ಷಿಸಿದಾಗ ಆ ಫಲ ಸಿಗಲಿಲ್ಲ.

ಹಾಗಾದರೆ ಊರ ಔಷಧಿಯಿಂದ ಇಷ್ಟು ಜನ ಹೇಗೆ ಗುಣವಾದರು? ಹೊಲಸು ನೀರಿನಿಂದ ಬರುವ ಹೆಪಟೈಟಿಸ್ ಎ, ಇ ಬಹುತೇಕರಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತವೆ. ಹೆಸರು ಗಿಡಕ್ಕೆ ಬರುತ್ತದೆ. ಬಿ, ಸಿ ಹಾಗಲ್ಲ, ಕಣ್ಣು ತಿಳಿಯಾದರೂ ಒಳಗೇ ಕೂತುಬಿಡಬಹುದು. ಬಸುರಿಯರಿಗಂತೂ ಇ ಪ್ರಾಣಕ್ಕೇ ಕುತ್ತು. ಔಷಧಿ ಹಾಕಿಸಿದೆವೆಂದು ರಕ್ತಪರೀಕ್ಷೆ ಬಿಡುವುದು ನಮಗೆ ಭಯ ಹುಟ್ಟಿಸುವ ಸಂಗತಿ.

ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಅಮೃತಬಳ್ಳಿ ಕಷಾಯ ಕುದಿಯಿತು. ಅಮೃತಬಳ್ಳಿ ಸೇವಿಸಿದ್ದ ಆರು ಜನರ ಲಿವರಿಗೆ ಪೆಟ್ಟಾದದ್ದನ್ನು 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಅಂಬಲಿಯ ಮಾತು ಬೇರೆ. ಅದು ಊಟ. ಈಗ ಅದಕ್ಕೂ ಸಕ್ಕರೆ ಕಾಯಿಲೆ ಓಡಿಸುವ ಪಟ್ಟ ಕಟ್ಟಿದ್ದಾರೆ! ಬಾಟಲಿಯ ಸಿಹಿ ಪಾನೀಯಕ್ಕಿಂತ ಎಷ್ಟೋ ಲೇಸು, ಖರೆ. ಆದರೆ ಅದರಲ್ಲಿರುವುದೂ ಹಿಟ್ಟೇ, ಅದನ್ನು ನಂಬಿ ಗುಳಿಗೆ ಬಿಡುವಂತಿಲ್ಲ.

ಈ ಭಾಗದ ಲಿವರ್ ಚರಿತ್ರೆ ಬರೆದರೆ ದೊಡ್ಡ ಅಧ್ಯಾಯ ಇಳಕಲ್ಲಿನದೇ ಆಗಬೇಕು. 1975ರಲ್ಲಿ ಚಿತ್ತರಗಿ-ಇಳಕಲ್ ಮಠದ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಹೊರಟರು. ಕಾಳು ಕೇಳಲಿಲ್ಲ, ಕಾಸು ಕೇಳಲಿಲ್ಲ. ಕುಡಿತ, ತಂಬಾಕಿನ ಚಟ ಹಾಕಿರಿ ಎಂದರು. ‘ಮಹಾಂತ ಜೋಳಿಗೆ’ ಊರೂರು ತಿರುಗಿತು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಹುಟ್ಟುಹಬ್ಬ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಕುಡಿತದಿಂದ ಕೊಬ್ಬು ತುಂಬಿದ ಲಿವರ್, ಕುಡಿತ ಬಿಟ್ಟ ಕೆಲವೇ ವಾರಗಳಲ್ಲಿ ಚೇತರಿಸಿಕೊಳ್ಳತೊಡಗುತ್ತದೆ. ಸಿರೋಸಿಸ್‌ಗೆ ತಿರುಗಿದರೆ ಮಾತ್ರ ಕಷ್ಟ.