ಅಜ್ಜಿ ಕಟ್ಟಿದ ವೊವಿಯೊ

ಚರ್ಚಿನ ದಫ್ತರದಲ್ಲಿ ನನ್ನ ಅಜ್ಜಿಯ (ಅಮ್ಮನ ಅಮ್ಮ) ಹೆಸರು ಇರುವುದು ಮೂರೇ ಕಡೆ. ಜ್ಞಾನಸ್ನಾನ, ಮದುವೆ, ಮರಣ. ಮೂರರಲ್ಲೂ ಯಾರದೋ ಮಗಳು, ಇಲ್ಲ ಯಾರದೋ ಹೆಂಡತಿ. 1922ರಲ್ಲಿ ಸುಳ್ಯ ಕಡೆಯ ಒಂದು ಒಕ್ಕಲು ಮನೆಯಲ್ಲಿ ಹುಟ್ಟಿ, ಪುತ್ತೂರಿಗೆ ಮದುವೆಯಾಗಿ ಬಂದು, ಏಳು ಮಕ್ಕಳನ್ನು ಹೆತ್ತು, 2006ರಲ್ಲಿ ತೀರಿಕೊಂಡರು. ಅವರು ಹಾಡು ಕಟ್ಟುತ್ತಿದ್ದರು ಅಂತ ಯಾವ ಪುಸ್ತಕದಲ್ಲೂ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕೊಂಕಣಿ ಕ್ರೈಸ್ತರಲ್ಲದವರಿಗೆ ಸ್ವಲ್ಪ ವಿವರಣೆ ಬೇಕು. ನಮ್ಮಲ್ಲಿ ಮದುವೆಯ ಹಿಂದಿನ ದಿನ ರೋಸ್. ಮದುಮಗಳಿಗೆ ಅವಳ ಮನೆಯಲ್ಲಿ, ಮದುಮಗನಿಗೆ ಅವನ ಮನೆಯಲ್ಲಿ, ತೆಂಗಿನಕಾಯಿಯ ಹಾಲು ಹಚ್ಚಿ ಮೀಯಿಸುವ ಶಾಸ್ತ್ರ. ಆಗ ಹಿರಿಯ ಹೆಂಗಸೊಬ್ಬರು ಹಾಡು ಎತ್ತುತ್ತಾರೆ, ಉಳಿದವರು ದನಿಗೂಡಿಸುತ್ತಾರೆ. ಅದೇ ವೊವಿಯೊ. ಮರಾಠಿಯ ಓವಿಗೂ ಇದಕ್ಕೂ ನೆಂಟಸ್ತಿಕೆ ಇದೆ. ಶಿಲುಬೆಯ ಗುರುತಿನಿಂದ ಶುರುವಾಗಿ, ದೇವರು, ತಂದೆತಾಯಿ, ಸೋದರಮಾವ ಎಲ್ಲರನ್ನೂ ನೆನೆದು, ಆಮೇಲೆ ಬೀಗರ ಕಾಲೆಳೆಯುವ ತನಕ ಹೋಗುತ್ತದೆ. ಮೊದಲಿನ ಕೆಲವು ಎಲ್ಲರಿಗೂ ಗೊತ್ತಿರುವಂಥವು. ಕೊನೆಕೊನೆಯವು ಆಯಾ ಮನೆಗೆ, ಆಯಾ ಹುಡುಗಿಗೆ ಅಲ್ಲೇ ಕಟ್ಟಿದವು. ಅಜ್ಜಿಯನ್ನು ಸುಳ್ಯದಿಂದಲೂ ಕಡಬದಿಂದಲೂ ಕರೆಯಲು ಬರುತ್ತಿದ್ದದ್ದು ಈ ಕೊನೆಯವುಗಳಿಗಾಗಿ!

ಈ ಹಾಡುಗಳ ಹಿಂದೆ ದೊಡ್ಡ ಕಥೆಯೇ ಇದೆ. ಗೋವಾದಲ್ಲಿ 1560ರಿಂದ 1812ರವರೆಗೆ ಇನ್‌ಕ್ವಿಸಿಷನ್ ಇತ್ತು ತಾನೆ, ಮತಾಂತರವಾದವರು ಹಳೆಯ ಆಚಾರ ಬಿಟ್ಟಿದ್ದಾರೋ ಇಲ್ಲವೋ ಅಂತ ವಿಚಾರಿಸುವ ಧರ್ಮನ್ಯಾಯಾಲಯ. ಅದು 1736ರಲ್ಲಿ ಹೊರಡಿಸಿದ ಶಾಸನದಲ್ಲಿ ಮದುವೆಯ ಅನೇಕ ಆಚಾರಗಳ ಜೊತೆಗೆ ಈ ವೊವಿಯೊಗಳನ್ನೂ ನಿಷೇಧಿಸಿತು. ಆದರೆ ಅಷ್ಟರೊಳಗೆ ನಮ್ಮವರು ಕಂತುಕಂತಾಗಿ ಕೆನರಾ ಸೀಮೆಗೆ ಬಂದಾಗಿತ್ತು, ಹಾಡು ಅವರ ಜೊತೆಗೇ ಬಂದಿತ್ತು. ಮತ್ತೆ 1784ರಲ್ಲಿ ಟಿಪ್ಪು ಸುಲ್ತಾನ್ ಇಲ್ಲಿನ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ. 1799ರಲ್ಲಿ ಅವನು ಸತ್ತ ಮೇಲೆ ಉಳಿದವರು ವಾಪಸ್ ಬಂದರು. ಹಾಡೂ ಬಂತು. ಬರೆದಿಟ್ಟವರಿಲ್ಲ, ಹೆಂಗಸರ ಬಾಯಲ್ಲೇ ಬಂತು.

ನಿಷೇಧದ ವಿಷಯ ನಾನು ಎಲ್ಲೋ ಓದಿ ಅಜ್ಜಿಗೆ ಹೇಳಿದ್ದೆ. ಅವರು ತೀರಾ ದೈವಭಕ್ತೆ, ರಾತ್ರಿ ತೇರ್ಸ್ ಮುಗಿಯದೆ ಯಾರಿಗೂ ಊಟ ಬಡಿಸುತ್ತಿರಲಿಲ್ಲ. ಬೇಜಾರಾಗಬಹುದು ಅಂದುಕೊಂಡಿದ್ದೆ. "ಅಡುಗೆಮನೆಯ ಹಾಡು ಪಾದ್ರಿಗಳ ಕಿವಿಗೆ ಹೇಗೆ ಬಿತ್ತು ಮಗಾ?" ಅಂತ ಕೇಳಿ, ಕಾಯಿ ತುರಿಯುತ್ತಾ ಕೂತರು.

ಓದಿದ್ದು ಕನ್ನಡ ನಾಲ್ಕನೇ ಕ್ಲಾಸು. ನಮ್ಮ ಕಡೆ ಕೊಂಕಣಿಯನ್ನು ಕನ್ನಡ ಲಿಪಿಯಲ್ಲೇ ಬರೆಯುವುದರಿಂದ 1938ರಲ್ಲಿ ಮಂಗಳೂರಿನಲ್ಲಿ ಶುರುವಾದ 'ರಾಕ್ಣೊ' ವಾರಪತ್ರಿಕೆಯನ್ನು ಅಕ್ಷರ ಬಿಡದೆ ಓದುತ್ತಿದ್ದರು. ನೆರೆಮನೆಯವರ ಜೊತೆ ತುಳು. ಚರ್ಚಿನಲ್ಲಿ ಎಷ್ಟೋ ವರ್ಷ ಲ್ಯಾಟಿನ್, ಅರ್ಥ ತಿಳಿಯದೆ ಬಾಯಿಪಾಠ. ಎರಡನೇ ವ್ಯಾಟಿಕನ್ ಸಭೆ (1962-65) ಆದಮೇಲೆ ಪೂಜೆ ಕೊಂಕಣಿಗೆ ಬಂತು. "ನಾನು ಇಷ್ಟು ವರ್ಷ ಹೇಳಿದ್ದು ಇದನ್ನೇನಾ!" ಅಂತ ಅವರಿಗೆ ಆಶ್ಚರ್ಯವಂತೆ.

ಕೈ ಸುಮ್ಮನಿರುತ್ತಿರಲಿಲ್ಲ. ಕ್ರಿಸ್ಮಸ್ಸಿನ ಕುಸ್ವಾರ್ ಮಾಡುವಾಗ ಕಿಡಿಯೊ ಸುತ್ತಲು ಹೊಸ ಬಾಚಣಿಗೆ, ಅದರ ಗೀರು ಒಂದೇ ಸಮ ಬೀಳಬೇಕು. ಸೆಪ್ಟೆಂಬರ್ ಎಂಟರ ಮೊಂತಿ ಫೆಸ್ತಿಗೆ ಹೊಸ ತೆನೆ ಬರುವ ಮುಂಚೆ ಒಂಬತ್ತು ದಿನ ನಮ್ಮನ್ನು ಗುಡ್ಡೆಗೆ ಅಟ್ಟಿ ಹೂ ಕೊಯ್ಯಿಸುತ್ತಿದ್ದರು. ಅಲ್ತಾರಿನ ಬಟ್ಟೆಗೆ ಕ್ರೋಶಾ ಲೇಸು ಹಾಕಿದ್ದೂ ಅವರೇ. ಅದಕ್ಕೆ ಹೆಸರು ಬರೆಯುವ ರೂಢಿ ಇಲ್ಲ ಬಿಡಿ.

ಗೇಣಿ ಒಕ್ಕಲಿನ ಬದುಕು. 1974ರ ಭೂಸುಧಾರಣೆಯಲ್ಲಿ ಡಿಕ್ಲರೇಶನ್ ಕೊಟ್ಟು ಗದ್ದೆ ನಮ್ಮದಾಯಿತು, ಕಾಗದದಲ್ಲಿ ಅಜ್ಜನ ಹೆಸರು. ಗದ್ದೆಯಲ್ಲಿ ಮಾತ್ರ ಅಜ್ಜಿ.

ದೊಡ್ಡಮ್ಮನನ್ನು ಕಡಬಕ್ಕೆ ಕೊಟ್ಟದ್ದು ಅದಕ್ಕೂ ಮೊದಲು, 1966ರಲ್ಲಿ. ಆಗ ಕಡಬ ಪುತ್ತೂರು ತಾಲೂಕಿನಲ್ಲೇ ಇತ್ತು, ಈಗ ಅದೇ ಒಂದು ತಾಲೂಕು. ಆದರೂ ಅಜ್ಜಿಯ ಲೆಕ್ಕದಲ್ಲಿ ದೂರ. ಆ ರೋಸಿನಲ್ಲಿ ಅವರು ಕಟ್ಟಿದ ವೊವಿ ಹೆಚ್ಚು ಕಮ್ಮಿ ಹೀಗೆ: ಕುಮಾರಧಾರೆ ಇಳಿದು ಬಂದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತಾಳೆ, ನೀನು ನೀರಿಗೆ ಎದುರಾಗಿ ಹೋಗುತ್ತಿದ್ದೀಯ ಮಗಳೇ, ಸುದ್ದಿ ಏನಾದರೂ ಇದ್ದರೆ ನೀರಿನಲ್ಲಿ ಬಿಡು. ಅಜ್ಜಿಯ ವೊವಿಗಳಲ್ಲಿ ಮೂರು ಸಾಲು ಉದ್ದ, ನಾಲ್ಕನೆಯದು ಮೊಟಕು. ಆ ನಾಲ್ಕನೆಯದರಲ್ಲೇ ಗುಟ್ಟು. ಅದಕ್ಕೆ ಆಮೇಲೆ ಬರುತ್ತೇನೆ.

1998ರಲ್ಲಿ ನನ್ನ ಅಕ್ಕನ ರೋಸ್. ಮೈಕು, ದೊಡ್ಡ ದೊಡ್ಡ ಪೆಟ್ಟಿಗೆಯ ಸೌಂಡ್ ಸೆಟ್, ಬಾಡಿಗೆಗೆ ತಂದ ನಿರೂಪಕ. ಅಜ್ಜಿಯನ್ನು ಕರೆದರು, ಕರೆಯಲಿಲ್ಲ ಅಂತಲ್ಲ. "ಎರಡು ಸಾಕಜ್ಜಿ, ಟೈಮಿಲ್ಲ" ಅಂತ ಮೈಕು ಕೈಗೆ ಕೊಟ್ಟರು. ಅಜ್ಜಿ ಶಿಲುಬೆಯ ವೊವಿ ಒಂದನ್ನೇ ಹೇಳಿ ಮೈಕು ವಾಪಸ್ ಕೊಟ್ಟರು. ಅಕ್ಕನಿಗೆ ಕಟ್ಟಿದ್ದು ಏನು ಅಂತ ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಅಕ್ಕ ಎಷ್ಟು ಸಲ ಕೇಳಿದರೂ "ಅದು ಆ ಹೊತ್ತಿನದ್ದು" ಅಂದುಬಿಟ್ಟರು. ಮುಂದೆ ಯಾರ ರೋಸಿಗೂ ಹಾಡು ಎತ್ತಲಿಲ್ಲ. ಇನ್‌ಕ್ವಿಸಿಷನ್ನಿಗೂ ಶ್ರೀರಂಗಪಟ್ಟಣಕ್ಕೂ ಬಗ್ಗದ್ದು ನಮ್ಮ ಮನೆಯಲ್ಲಿ ನಿಂತದ್ದು ಒಂದು ಸೌಂಡ್ ಸೆಟ್ಟಿನ ಎದುರು, ಅದೂ ನಾವೇ ದುಡ್ಡು ಕೊಟ್ಟು ತರಿಸಿದ್ದು.

ದೊಡ್ಡಮ್ಮನಿಗೆ ಈಗ ಎಂಬತ್ತು ದಾಟಿದೆ. ಹೋದ ತಿಂಗಳು ಕಡಬಕ್ಕೆ ಹೋಗಿ ಅವರ ಬಾಯಿಂದ ಹನ್ನೊಂದು ವೊವಿ ಬರೆದುಕೊಂಡು ಬಂದೆ. ನದಿಯದ್ದೂ ಸಿಕ್ಕಿತು, ಆದರೆ ನಾಲ್ಕನೇ ಸಾಲಿಗೆ ತಕರಾರು. "ನಾನು ಉಪ್ಪಿನಂಗಡಿಯಲ್ಲಿ ಕಾದು ನಿಂತಿರುತ್ತೇನೆ" ಅಂತ ಇತ್ತು ಅಂತಾರೆ ದೊಡ್ಡಮ್ಮ. ನನ್ನ ಅಮ್ಮ ಆಗ ಹತ್ತು ವರ್ಷದ ಹುಡುಗಿ, ಅಲ್ಲೇ ಕಾಯಿಹಾಲಿನ ತಟ್ಟೆ ಹಿಡಿದು ನಿಂತಿದ್ದವರು. ಅವರ ಪ್ರಕಾರ ಇದ್ದದ್ದು "ಅಳಿಯನಿಗೆ ಈಜು ಬರುವುದಿಲ್ಲ" ಅಂತ. ಎಲ್ಲರೂ ನಕ್ಕಿದ್ದು ಅವರಿಗೆ ಚೆನ್ನಾಗಿ ನೆನಪಿದೆಯಂತೆ. ದೊಡ್ಡಮ್ಮನಿಗೆ ನಗು ನೆನಪಿಲ್ಲ. ನೋಟ್‌ಬುಕ್ಕಿನಲ್ಲಿ ಎರಡನ್ನೂ ಬರೆದಿಟ್ಟಿದ್ದೇನೆ.