ಬರಿಗಾಲಿನ ವೀರರು
(ಬೆಂಗಳೂರಿನ ಕಾಲ್ಚೆಂಡಾಟದ ಪೂರ್ವಕಥೆ)

ಹಾವೇರಿಯ ಸಿದ್ಧೇಶ್ವರ ದೇವಾಲಯದ ಆವರಣದಲ್ಲಿ ನಿಂತಿರುವ ವೀರಗಲ್ಲುಗಳನ್ನು ವಾಚಕರಲ್ಲಿ ಅನೇಕರು ಕಂಡಿರುವರು. ಕಾಗಿನೆಲೆ, ಬ್ಯಾಡಗಿ, ಹಾನಗಲ್ಲುಗಳ ಸೀಮೆಯಲ್ಲಿ ಇಂಥ ಕಲ್ಲುಗಳು ಅಪರೂಪವಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಅದರ ಮೇಲೆ ಅಪ್ಸರೆಯರೊಡನೆ ವೀರನ ಊರ್ಧ್ವಗಮನ, ತುದಿಯಲ್ಲಿ ಶಿವಸನ್ನಿಧಿ. ಊರಿನ ತುರುಗಳಿಗಾಗಿ ಕಾದಿ ಮಡಿದ ಸಾಮಾನ್ಯ ಬಂಟನ ಹೆಸರನ್ನೂ ಅರಸನ ಹೆಸರಿನ ಮಗ್ಗುಲಲ್ಲಿಯೇ ಕೆತ್ತಿಸುವ ಔದಾರ್ಯವು ನಮ್ಮ ಪೂರ್ವಿಕರಿಗಿದ್ದಿತು. ಆದರೆ ಇಪ್ಪತ್ತನೆಯ ಶತಮಾನದಲ್ಲಿ, ಆಯುಧವಿಲ್ಲದೆ, ರಕ್ತಪಾತವಿಲ್ಲದೆ, ಕೇವಲ ಬರಿಗಾಲಿನಿಂದ ಕನ್ನಡ ನಾಡಿಗೆ ಕೀರ್ತಿಯನ್ನು ತಂದುಕೊಟ್ಟ ಕೆಲವರಿದ್ದರು. ಅವರು ಗೆದ್ದು ತಂದ ಬೆಳ್ಳಿಯ ಬಟ್ಟಲುಗಳ ಮೇಲೆ ಸಂಘದ ಹೆಸರೂ ವರ್ಷವೂ ಉಳಿಯುತ್ತವೆಯೇ ಹೊರತು ಆಡಿದ ಹನ್ನೊಂದು ಮಂದಿಯ ಹೆಸರು ಉಳಿಯುವುದಿಲ್ಲ. ಅಂಥವರ ಸ್ಮರಣೆಯೇ ಈ ಲೇಖನದ ವಿಷಯ.

ಕಾಲ್ಚೆಂಡಾಟವು ಕನ್ನಡ ನಾಡಿಗೆ ಬಂದದ್ದು ದಂಡಿನೊಡನೆ. ಬೆಂಗಳೂರಿನಲ್ಲಿ ಆಂಗ್ಲರ ದಂಡು 1809ರಲ್ಲಿ ನೆಲೆಗೊಂಡಿತು. 1881ರಲ್ಲಿ ಮೈಸೂರು ರಾಜ್ಯವು ಒಡೆಯರಿಗೆ ಮರಳಿದ ತರುವಾಯವೂ ದಂಡಿನ ಪ್ರದೇಶವು ಆಂಗ್ಲರ ಕೈಯಲ್ಲಿಯೇ ಉಳಿದು, 1947ರಲ್ಲಿ ಮಾತ್ರ ಮೈಸೂರಿಗೆ ಸೇರಿತು. ಪಲ್ಟನುಗಳ ಸೋಲ್ಜರರು ಬಯಲಿನಲ್ಲಿ ಆಡುತ್ತಿದ್ದ ಆಟವನ್ನು ಹಲಸೂರು, ಶಿವಾಜಿನಗರ, ಗೌತಮಪುರ ಮುಂತಾದ ಕೇರಿಗಳ ಹುಡುಗರು ನೋಡಿ ಕಲಿತರು. ನೋಡಿದ ಆಟವು ಬೂಟುಗಾಲಿನದು. ಕಲಿತ ಆಟವು ಬರಿಗಾಲಿನದು. ಬೂಟಿನ ಬಲವಾದ ಒದೆತಕ್ಕೆ ಬರಿಗಾಲು ಎದುರಾಗಬೇಕಾದರೆ ಚೆಂಡನ್ನು ದೂರ ಒದೆಯುವುದಕ್ಕಿಂತ ಕಾಲಿಗೆ ಅಂಟಿಸಿಕೊಂಡು ಓಡಬೇಕು. ಎದುರಾಳಿಯು ಮೈಮೇಲೆ ಬೀಳುವುದರೊಳಗಾಗಿ ಗೆಳೆಯನಿಗೆ ದಾಟಿಸಬೇಕು. ಹೀಗೆ ಬಡತನವೇ ಗುರುವಾಗಿ ಒಂದು ವಿಶಿಷ್ಟವಾದ ಆಟದ ರೀತಿಯನ್ನು ಅವರಿಗೆ ಕಲಿಸಿಕೊಟ್ಟಿತೆನ್ನಬಹುದು.

ಆ ಕಾಲದಲ್ಲಿ ಮುಂಬಯಿಯ ರೋವರ್ಸ್ ಕಪ್ ಎಂಬುದು ಭಾರತದ ಮುಖ್ಯ ಪಂದ್ಯಾವಳಿಗಳಲ್ಲೊಂದು. 1891ರಲ್ಲಿ ಆರಂಭವಾದ ಇದರಲ್ಲಿ ಬಹುಕಾಲ ಆಂಗ್ಲರ ಪಲ್ಟನುಗಳದೇ ದೊರೆತನ. ಕಲಕತ್ತೆಯ ಮೋಹನ್ ಬಗಾನ್ ಸಂಘವು 1911ರಲ್ಲಿ ಈಸ್ಟ್ ಯಾರ್ಕ್‌ಷೈರ್ ಪಲ್ಟನನ್ನು ಸೋಲಿಸಿ ಐ. ಎಫ್. ಎ. ಢಾಲನ್ನು ಗೆದ್ದು ದೇಶವನ್ನೇ ಹರ್ಷಗೊಳಿಸಿದ್ದಿತು. ಆದರೆ ಅದೇ ಸಂಘವು 1923ರಲ್ಲಿ ರೋವರ್ಸ್ ಕಪ್ಪಿನ ಕೊನೆಯ ಪಂದ್ಯದವರೆಗೆ ಬಂದು, ಡರ್ಹಮ್ ಪಲ್ಟನಿನ ಎದುರಿಗೆ ಸೋತುಹೋಯಿತು. ಕಲಕತ್ತೆಗೂ ಸಾಧಿಸದ ಆ ಕಾರ್ಯವನ್ನು 1937ರಲ್ಲಿ ಸಾಧಿಸಿದವರು ‘ಬೆಂಗಳೂರು ಮುಸ್ಲಿಮ್ಸ್’ ಎಂಬ ಸಂಘದವರು. ರೋವರ್ಸ್ ಕಪ್ಪನ್ನು ಗೆದ್ದ ಮೊದಲನೆಯ ಭಾರತೀಯ ತಂಡವೆಂಬ ಹಿರಿಮೆ ಇವರದು.

ಆ ಗೆಲವಿನ ಬೆಲೆಯನ್ನು ತಿಳಿಯಬೇಕಾದರೆ ಸೋತವರು ಯಾರೆಂಬುದನ್ನು ನೋಡಬೇಕು. ಎದುರಿಗಿದ್ದದ್ದು ಕಲಕತ್ತೆಯ ಮಹಮ್ಮಡನ್ ಸ್ಪೋರ್ಟಿಂಗ್. 1934ರಿಂದ 1938ರ ವರೆಗೆ ಸತತವಾಗಿ ಐದು ವರ್ಷ ಕಲಕತ್ತೆಯ ಲೀಗಿನಲ್ಲಿ ಮೊದಲಿಗರಾಗಿ ನಿಂತ ತಂಡವದು. ಅಂಥದನ್ನು ಬೆಂಗಳೂರಿನವರು ಒಂದು ಗೋಲಿನಿಂದ ಸೋಲಿಸಿದರು. ಇದು ಆಕಸ್ಮಿಕವೆಂದವರಿಗೆ ಮರುವರ್ಷವೇ ಉತ್ತರ ದೊರೆಯಿತು. 1938ರಲ್ಲಿ ಆರ್ಗೈಲ್ ಮತ್ತು ಸದರ್‌ಲ್ಯಾಂಡ್ ಹೈಲ್ಯಾಂಡರ್ಸ್ ಎಂಬ ಸ್ಕಾಟ್ಲೆಂಡಿನ ಪಲ್ಟನನ್ನು ಮೂರಕ್ಕೆ ಎರಡು ಗೋಲುಗಳಿಂದ ಸೋಲಿಸಿ, ಅವರೇ ಎರಡನೆಯ ಸಲವೂ ಬಟ್ಟಲನ್ನು ತಂದರು. 1940ರಲ್ಲಿ ಮತ್ತೆ ಕೊನೆಯ ಪಂದ್ಯದವರೆಗೆ ಹೋದಾಗ ಮಹಮ್ಮಡನ್ ಸ್ಪೋರ್ಟಿಂಗಿನವರು ಒಂದು ಗೋಲಿನಿಂದಲೇ ಹಳೆಯ ಸೇಡನ್ನು ತೀರಿಸಿಕೊಂಡರು.

ಇಲ್ಲಿ ಒಂದು ಸಂಗತಿಯನ್ನು ನೆನೆಯಬೇಕು. ಅಂದು ಕನ್ನಡ ನಾಡು ಒಂದಾಗಿರಲಿಲ್ಲ. ಕಾಗಿನೆಲೆ, ಹಾವೇರಿಗಳೆಲ್ಲವೂ ಧಾರವಾಡ ಜಿಲ್ಲೆಗೆ ಸೇರಿ ಮುಂಬಯಿ ಇಲಾಖೆಯಲ್ಲಿದ್ದವು. ಮೈಸೂರು ಬೇರೆಯ ಸಂಸ್ಥಾನ. ಮುಂಬಯಿ ಇಲಾಖೆಯ ರಾಜಧಾನಿಗೆ ಬೆಂಗಳೂರಿನವರು ಹೋಗಿ ಗೆದ್ದುಬಂದದ್ದು, ಏಕೀಕರಣಕ್ಕಿಂತ ಸುಮಾರು ಎರಡು ದಶಕಗಳ ಮೊದಲು, ಒಡೆದ ನಾಡಿನ ಒಂದು ತುಂಡು ಇನ್ನೊಂದು ತುಂಡಿನ ಅಂಗಳದಲ್ಲಿ ಪಡೆದ ವಿಜಯವಾಗಿದ್ದಿತು.

ಸಂಘದ ಹೆಸರು ಒಂದು ಸಮಾಜದ್ದು. ಕಾಲವು ವಿಷಮವಾದಾಗ ಹೆಸರುಗಳೂ ಭಾರವಾಗುತ್ತವೆ. ದೇಶವು ಇಬ್ಭಾಗವಾಗಿ, ಮತದ ಹೆಸರಿನಲ್ಲಿ ನೆತ್ತರು ಹರಿದ ಮರುವರ್ಷವೇ, ಅಂದರೆ 1948ರಲ್ಲಿ, ಬೆಂಗಳೂರು ಮುಸ್ಲಿಮ್ಸ್ ತಂಡವು ಮೂರನೆಯ ಸಲ ರೋವರ್ಸ್ ಕಪ್ಪನ್ನು ಗೆದ್ದುಕೊಂಡಿತು. ಈ ಬಾರಿ ಒಂದು ಗೋಲಿನಿಂದ ಸೋತವರು, ಹಿಂದೆ ದೇಶಕ್ಕೆಲ್ಲ ಆದರ್ಶವಾಗಿದ್ದ ಮೋಹನ್ ಬಗಾನಿನವರು. ಆ ದಿನಗಳ ಅನುಮಾನ ದ್ವೇಷಗಳ ನಡುವೆಯೂ ಆಟವು ಆಟವಾಗಿಯೇ ಉಳಿಯಿತೆಂಬುದು ಈ ಅಧ್ಯಾಯದಲ್ಲಿ ಮರೆಯಬಾರದ ಮಾತು.

ಅದೇ ವರ್ಷ ಲಂಡನ್ನಿನಲ್ಲಿ ಒಲಿಂಪಿಕ್ ಕ್ರೀಡೋತ್ಸವ. ಸ್ವತಂತ್ರ ಭಾರತದ ತಂಡವು ಟಾಲಿಮೆರೆನ್ ಆವ್ ಎಂಬ ನಾಗಾ ವೀರನ ನಾಯಕತ್ವದಲ್ಲಿ ಹೊರಟಿತು. ಜುಲೈ 31ರಂದು ಇಲ್ಫರ್ಡ್ ಎಂಬಲ್ಲಿ ಫ್ರಾನ್ಸಿನೊಡನೆ ಪಂದ್ಯ. ಭಾರತೀಯರಲ್ಲಿ ಹೆಚ್ಚಿನವರು ಬರಿಗಾಲಿನವರು. ಗೋಲನ್ನು ಕಾದವರು ಬೆಂಗಳೂರಿನ ಕೆ. ವಿ. ವರದರಾಜರು. ಫ್ರಾನ್ಸಿನವರು ಒಂದು ಗೋಲಿನಿಂದ ಮುಂದಿದ್ದಾಗ, ಎಪ್ಪತ್ತನೆಯ ನಿಮಿಷದಲ್ಲಿ ಬೆಂಗಳೂರಿನ ಸಾರಂಗಪಾಣಿ ರಾಮನ್ ಗೋಲು ಹೊಡೆದು ಸಮಮಾಡಿದರು. ಒಲಿಂಪಿಕ್ಕಿನಲ್ಲಿ ಭಾರತದ ಮೊಟ್ಟಮೊದಲನೆಯ ಗೋಲು ಅದು. ದೊರೆತ ಎರಡು ಪೆನಾಲ್ಟಿಗಳು ವ್ಯರ್ಥವಾದವು. ಕೊನೆಯ ಗಳಿಗೆಯಲ್ಲಿ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು ಗೆದ್ದಿತು. ಸೋಲು ಸೋಲೇ ಸರಿ. ಆದರೂ ಬೂಟಿಲ್ಲದವರು ಬೂಟಿನವರನ್ನು ಕಡೆಯ ನಿಮಿಷದವರೆಗೂ ತಡೆದು ನಿಲ್ಲಿಸಿದ ರೀತಿಗೆ ಪ್ರೇಕ್ಷಕರು ತಲೆದೂಗಿದರು.

ಆ ತಂಡದಲ್ಲಿದ್ದ ಇನ್ನೊಬ್ಬ ಬೆಂಗಳೂರಿಗರು ಅಹ್ಮದ್ ಖಾನರು. 1926ರಲ್ಲಿ ಜನಿಸಿದ ಇವರ ಕಾಲಿನಲ್ಲಿ ಚೆಂಡು ಹೆಡೆಯಾಡಿಸುವ ಹಾವಿನಂತೆ ಆಡುತ್ತಿದ್ದುದರಿಂದ ಅಭಿಮಾನಿಗಳು ಇವರನ್ನು ‘ಹಾವಾಡಿಗ’ನೆಂದೇ ಕರೆದರು. ಬೆಂಗಳೂರು ಮುಸ್ಲಿಮ್ಸ್ ತಂಡದಲ್ಲಿ ಆಡಿದ ಇವರನ್ನು 1949ರಲ್ಲಿ ಕಲಕತ್ತೆಯ ಈಸ್ಟ್ ಬೆಂಗಾಲ್ ಸಂಘವು ಬರಮಾಡಿಕೊಂಡಿತು. ಅಲ್ಲಿ ವೆಂಕಟೇಶ, ಅಪ್ಪಾರಾವ್, ಧನರಾಜ, ಸಾಲೆ ಇವರೊಡನೆ ಸೇರಿದ ಮುಂಚೂಣಿಯ ಐವರಿಗೆ ವಂಗದೇಶದ ಜನರು ‘ಪಂಚಪಾಂಡವರು’ ಎಂದು ಹೆಸರಿಟ್ಟರು. ಐವರೂ ದಕ್ಷಿಣ ದೇಶದವರು. ಅವರಲ್ಲಿ ಅಹ್ಮದ್ ಖಾನರೂ ಒಬ್ಬ ಪಾಂಡವರು! ಜನರು ಪ್ರೀತಿಯಿಂದ ಕೊಡುವ ಬಿರುದಿಗೆ ಜಾತಿಮತಗಳ ಗೊಡವೆಯಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತವೇಕೆ? ಆ 1949ರ ಒಂದೇ ವರ್ಷದಲ್ಲಿ ಈಸ್ಟ್ ಬೆಂಗಾಲ್ ಕಲಕತ್ತೆಯ ಲೀಗನ್ನೂ ಐ. ಎಫ್. ಎ. ಢಾಲನ್ನೂ ರೋವರ್ಸ್ ಕಪ್ಪನ್ನೂ ಗೆದ್ದಿತು.

1951ರಲ್ಲಿ ದೆಹಲಿಯ ಏಷ್ಯಾ ಕ್ರೀಡೋತ್ಸವದಲ್ಲಿ ಚಿನ್ನದ ಪದಕ ಗೆದ್ದ ಭಾರತ ತಂಡದಲ್ಲಿ ಅಹ್ಮದ್ ಖಾನರಿದ್ದರು. ಮರುವರ್ಷ ಹೆಲ್ಸಿಂಕಿಯಲ್ಲಿ ವಿಧಿಯು ಮುಖ ತಿರುಗಿಸಿತು. ಚಳಿಯ ನಾಡಿನಲ್ಲಿ ಯುಗೋಸ್ಲಾವಿಯಾ ತಂಡವು ಭಾರತವನ್ನು ಹತ್ತಕ್ಕೆ ಒಂದು ಗೋಲುಗಳಿಂದ ಸೋಲಿಸಿತು. ಭಾರತದ ಆ ಒಂದು ಗೋಲು ಅಹ್ಮದ್ ಖಾನರದು. ಆ ಸೋಲಿನ ತರುವಾಯ ಭಾರತದಲ್ಲಿ ಬೂಟು ಕಡ್ಡಾಯವಾಯಿತು. ಬರಿಗಾಲಿನ ಯುಗವು ಹೀಗೆ ಮುಗಿಯಿತು.

ಆಟಗಾರರ ಪರಂಪರೆ ಮಾತ್ರ ಮುಗಿಯಲಿಲ್ಲ. ಮೈಸೂರು ತಂಡವು ಸಂತೋಷ ಟ್ರೋಫಿಯನ್ನು 1946–47, 1952–53, 1967–68, 1968–69 ಹೀಗೆ ನಾಲ್ಕು ಸಲ ಗೆದ್ದಿತು. ನಾಲ್ಕು ಸಲವೂ ಸೋತವರು ಬಂಗಾಳದವರು. 1956ರ ಮೆಲ್ಬರ್ನ್ ಒಲಿಂಪಿಕ್ಕಿನಲ್ಲಿ ನಾಲ್ಕನೆಯ ಸ್ಥಾನ ಪಡೆದ ಭಾರತ ತಂಡದಲ್ಲಿ ಮೈಸೂರಿನ ಕೆಂಪಯ್ಯನವರಿದ್ದರು. 1962ರಲ್ಲಿ ಜಕಾರ್ತದಲ್ಲಿ ಏಷ್ಯಾದ ಚಿನ್ನ ಗೆದ್ದ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಇದ್ದರು. ಆದರೆ ಇವರಿಬ್ಬರೂ ಹೆಸರಾದದ್ದು ಮೋಹನ್ ಬಗಾನಿನ ಅಂಗಿಯನ್ನು ತೊಟ್ಟು.

ಕನ್ನಡಿಗರ ಮರೆವಿನ ಮುಖ್ಯ ಕಾರಣವೂ ಇಲ್ಲಿಯೇ ಇದೆ. ಪ್ರತಿಭೆ ಹುಟ್ಟಿದ್ದು ಇಲ್ಲಿ. ಅದಕ್ಕೆ ಅನ್ನವಿಟ್ಟದ್ದು ಕಲಕತ್ತೆ. ಊರಿನಲ್ಲಿ ಉಳಿದವರಿಗೆ ಹಿಂದೂಸ್ತಾನ್ ಏರೋನಾಟಿಕ್ಸ್, ಐ. ಟಿ. ಐ. ಮುಂತಾದ ಕಾರ್ಖಾನೆಗಳು ಕೆಲಸವನ್ನು ಕೊಟ್ಟು ಆಟವನ್ನೂ ಉಳಿಸಿದವೆಂಬುದು ಸತ್ಯ. ಆದರೆ ಹಾಡಿ ಹೊಗಳಿದ ಪತ್ರಿಕೆಗಳೂ ಕಿಕ್ಕಿರಿದ ಪ್ರೇಕ್ಷಕರೂ ಇದ್ದದ್ದು ಗಂಗೆಯ ತೀರದಲ್ಲಿ. ಆದುದರಿಂದ ಅಹ್ಮದ್ ಖಾನರ ಕಥೆಯನ್ನು ಬಂಗಾಳಿಯರು ಮೊಮ್ಮಕ್ಕಳಿಗೆ ಹೇಳಿದರು, ಕನ್ನಡಿಗರು ಹೇಳಲಿಲ್ಲ. 2017ರಲ್ಲಿ ಅವರು ಬೆಂಗಳೂರಿನಲ್ಲಿಯೇ ತೀರಿಕೊಂಡಾಗ ಅವರಿಗೆ ತೊಂಬತ್ತು ವರ್ಷ.

ಗೌತಮಪುರದ ಬೀದಿಯಲ್ಲಿ ಬ್ರೆಜಿಲ್ ದೇಶದ ಪೆಲೆಯ ಪ್ರತಿಮೆಯಿದೆ. ಬಡವರ ಕೇರಿಯೊಂದು ಸಮುದ್ರದಾಚೆಯ ವೀರನಿಗೆ ಕಲ್ಲು ನಿಲ್ಲಿಸಿದ್ದು ದೊಡ್ಡ ಮನಸ್ಸು. ವೀರಗಲ್ಲಿನ ಸಂಪ್ರದಾಯವು ಆ ಜನರಲ್ಲಿ ಇನ್ನೂ ಜೀವಂತವಾಗಿದೆಯೆಂಬುದಕ್ಕೆ ಅದೇ ಸಾಕ್ಷಿ. 2023ರ ಮಾರ್ಚಿ 4ರಂದು, ಐವತ್ತನಾಲ್ಕು ವರ್ಷಗಳ ಮೇಲೆ, ಕರ್ನಾಟಕ ತಂಡವು ದೂರದ ರಿಯಾದ್ ನಗರದಲ್ಲಿ ಮೇಘಾಲಯವನ್ನು ಮೂರಕ್ಕೆ ಎರಡು ಗೋಲುಗಳಿಂದ ಸೋಲಿಸಿ ಸಂತೋಷ ಟ್ರೋಫಿಯನ್ನು ಮರಳಿ ತಂದಿತು. ತುರುಗಳನ್ನು ಮರಳಿಸಿದವನಿಗೆ ಕಲ್ಲು ನಿಲ್ಲಿಸಿದ ನಾಡಿಗೆ, ಬಟ್ಟಲನ್ನು ಮರಳಿಸಿದವರ ಮತ್ತು ಮೊದಲು ಗೆದ್ದುಕೊಟ್ಟವರ ಹೆಸರನ್ನು ಬರೆದಿಡುವುದು ಕಷ್ಟವಾಗಲಾರದು. ಕಲ್ಲಿಲ್ಲದಿದ್ದರೆ ಪುಸ್ತಕದಲ್ಲಿ, ಪುಸ್ತಕವಿಲ್ಲದಿದ್ದರೆ ಶಾಲೆಯ ಹುಡುಗರ ನಾಲಗೆಯ ಮೇಲಾದರೂ ರಾಮನ್, ವರದರಾಜ, ಅಹ್ಮದ್ ಖಾನ, ಕೆಂಪಯ್ಯ, ಅರುಮೈನಾಯಗಂ ಎಂಬ ಈ ಹೆಸರುಗಳು ನಿಲ್ಲಲಿ.